ರೋಗಿಯ ಮಾದರಿಯಲ್ಲಿ ಹೊಸ ಬ್ಯಾಕ್ಟೀರಿಯಾ ಪ್ರಭೇದ: ಗುರುತಿಸುವುದರಿಂದ ಹೆಸರಿಡುವವರೆಗೆ

ಮೈಸೂರು, ಮಂಡ್ಯದ ಆಸ್ಪತ್ರೆಗಳ ಸೂಕ್ಷ್ಮಜೀವಿ ಪ್ರಯೋಗಾಲಯಗಳಿಗೆ ದಿನವೂ ಬರುವ ರಕ್ತ, ಕೀವು, ಮೂತ್ರ, ಕಫದ ಮಾದರಿಗಳಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಬಹುಪಾಲು ನಮಗೆ ಗೊತ್ತಿರುವಂಥವೇ. ಅಪರೂಪಕ್ಕೆ ಒಂದು ಐಸೊಲೇಟ್ (ಮಾದರಿಯಿಂದ ಬೇರ್ಪಡಿಸಿ ಬೆಳೆಸಿದ ಬ್ಯಾಕ್ಟೀರಿಯಾ) ಮಾತ್ರ ಯಾವ ಪಟ್ಟಿಗೂ ಸೇರದೆ ಉಳಿದುಬಿಡುತ್ತದೆ. ಯಂತ್ರ ಒಂದು ಹೆಸರು ಹೇಳಿದರೆ ಜೀವರಾಸಾಯನಿಕ ಪರೀಕ್ಷೆ ಇನ್ನೊಂದನ್ನು ಹೇಳುತ್ತದೆ, ಇಲ್ಲವೇ ಎರಡೂ ಕೈಚೆಲ್ಲುತ್ತವೆ. ಅಂಥ ಐಸೊಲೇಟ್ ಕೈಗೆ ಬಂದಾಗ ಯಾವ ಕ್ರಮದಲ್ಲಿ ಮುಂದುವರಿಯಬೇಕು ಎಂಬುದನ್ನು ಸ್ನಾತಕೋತ್ತರ ವಿದ್ಯಾರ್ಥಿಗಳನ್ನೂ ಪ್ರಯೋಗಾಲಯದ ಟೆಕ್ನಿಷಿಯನ್‌ಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಬರೆದಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಬೇಕು. ಪೂರ್ತಿ ಜೀನೋಮ್, ಅಂದರೆ ಜೀವಿಯ ಇಡೀ ಡಿಎನ್‌ಎ, ಓದಿಸುವುದು ಈಗ ಜಿಲ್ಲಾ ಮಟ್ಟದ ಸಂಸ್ಥೆಗೂ ಎಟುಕುವ ಕೆಲಸವಾಗಿದೆ. ಡಿಎನ್‌ಎ ಕಳಿಸಿದರೆ ಫಲಿತಾಂಶ ಬರುತ್ತದೆ. ಆದರೆ ಶುದ್ಧವಾಗಿ ಬೇರ್ಪಡಿಸದ ಕಲ್ಚರ್, ಸತ್ತುಹೋದ ತಳಿ, ರೋಗಿಯ ಹಿನ್ನೆಲೆ ಬರೆದಿಡದ ರಿಜಿಸ್ಟರ್, ಇವುಗಳನ್ನು ಆಮೇಲೆ ಯಾವ ಯಂತ್ರವೂ ಸರಿಪಡಿಸಲಾರದು. ಹೊಸ ಪ್ರಭೇದವೆಂಬ ಮಾತು ನಿಲ್ಲುವುದೂ ಬೀಳುವುದೂ ಮೊದಲ ಕೆಲವು ದಿನಗಳಲ್ಲಿ ಪ್ಲೇಟಿನ ಮುಂದೆ ಕುಳಿತು ಮಾಡುವ ಕೆಲಸದ ಮೇಲೆ.

ಮೊದಲು ರೋಗಿ ಮತ್ತು ಸುರಕ್ಷತೆ

ಗುರುತು ಸಿಗದ ಐಸೊಲೇಟ್ ಎಂದರೆ ಹೊಸದು ಎಂದಲ್ಲ. ಅದು ಹಳೆಯದೇ ಆಗಿದ್ದು ಅಪಾಯಕಾರಿಯಾಗಿರಬಹುದು. ನಮ್ಮ ಭಾಗದಲ್ಲಿ ಎರಡು ಸಾಧ್ಯತೆಗಳನ್ನು ಮೊದಲು ತಳ್ಳಿಹಾಕಲೇಬೇಕು. ಹಸು, ಎಮ್ಮೆ, ಕುರಿ ಸಾಕುವ ಮನೆಗಳು ಹೆಚ್ಚಿರುವ ಮಂಡ್ಯ ಜಿಲ್ಲೆಯಲ್ಲಿ, ದನಗಳು ಕಂದು ಹಾಕುವ ರೋಗಕ್ಕೆ ಕಾರಣವಾದ ಬ್ರುಸೆಲ್ಲಾ ಮನುಷ್ಯರ ರಕ್ತದ ಕಲ್ಚರಿನಲ್ಲಿ ಬೆಳೆಯಬಹುದು. ಸ್ವಯಂಚಾಲಿತ ಜೀವರಾಸಾಯನಿಕ ಯಂತ್ರಗಳು ಅದನ್ನು ಒಕ್ರೊಬ್ಯಾಕ್ಟ್ರಮ್ ಎಂದೋ ಸೈಕ್ರೊಬ್ಯಾಕ್ಟರ್ ಎಂದೋ ತಪ್ಪಾಗಿ ಓದಿದ ಉದಾಹರಣೆಗಳಿವೆ. ನಿಧಾನವಾಗಿ ಬೆಳೆಯುವ, ಗ್ರಾಂ ಸ್ಟೇನಿನಲ್ಲಿ (ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಮರಳಿನ ಪುಡಿ ಚೆಲ್ಲಿದಂತೆ ಕಾಣುವ ಬಹು ಸಣ್ಣ ಗ್ರಾಂ ನೆಗೆಟಿವ್ ಕೊಕೊಬ್ಯಾಸಿಲಸ್ (ಗುಂಡಿಗೂ ಕಡ್ಡಿಗೂ ನಡುವಿನ ಆಕಾರದ್ದು), ಆಕ್ಸಿಡೇಸ್ ಮತ್ತು ಕ್ಯಾಟಲೇಸ್ ಕಿಣ್ವ ಪರೀಕ್ಷೆಗಳು ಪಾಸಿಟಿವ್, ಯೂರಿಯೇಸ್ ಬೇಗನೆ ಪಾಸಿಟಿವ್ ಎಂದಾದರೆ, ಆ ಪ್ಲೇಟನ್ನು ತೆರೆದ ಮೇಜಿನ ಮೇಲೆ ಇನ್ನೊಮ್ಮೆ ತೆಗೆಯಬಾರದು. ಮುಂದಿನ ಕೆಲಸವೆಲ್ಲ ಬಯೋಸೇಫ್ಟಿ ಕ್ಯಾಬಿನೆಟ್ಟಿನೊಳಗೇ ನಡೆಯಬೇಕು. ಪ್ಲೇಟನ್ನು ಮೂಗಿನ ಬಳಿ ತಂದು ವಾಸನೆ ನೋಡುವ ಹಳೆಯ ಅಭ್ಯಾಸವನ್ನು ಯಾವ ಐಸೊಲೇಟಿನ ವಿಷಯದಲ್ಲೂ ಇಟ್ಟುಕೊಳ್ಳಬಾರದು. ಪ್ರಯೋಗಾಲಯದ ಸಿಬ್ಬಂದಿಗೆ ಬ್ರುಸೆಲ್ಲಾ ತಗಲುವ ದಾರಿಗಳಲ್ಲಿ ಅದೂ ಒಂದು.

ಎರಡನೆಯದು ಗದ್ದೆಯ ಮಣ್ಣು ಮತ್ತು ನೀರಿನಲ್ಲಿ ಬದುಕುವ, ಮೆಲಿಯಾಯ್ಡೋಸಿಸ್ ಉಂಟುಮಾಡುವ ಬರ್ಕ್‌ಹೋಲ್ಡೇರಿಯಾ ಸೂಡೋಮ್ಯಾಲಿಯೈ. ಕರ್ನಾಟಕದ ಕರಾವಳಿಯಲ್ಲಿ ಇದು ಚೆನ್ನಾಗಿ ದಾಖಲಾಗಿದೆ. ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಊರುಗಳಿಂದ ಸಕ್ಕರೆ ಕಾಯಿಲೆಯವರು ಬಾವು ಅಥವಾ ದೀರ್ಘ ಜ್ವರದೊಂದಿಗೆ ಬಂದಾಗ ನಾವೂ ಅದನ್ನು ನೆನಪಿಟ್ಟುಕೊಳ್ಳಬೇಕು. ಆಕ್ಸಿಡೇಸ್ ಪಾಸಿಟಿವ್ ಆಗಿದ್ದು, ಜೆಂಟಮೈಸಿನ್ ಮತ್ತು ಕೊಲಿಸ್ಟಿನ್ ಎರಡಕ್ಕೂ ಬಗ್ಗದೆ, ಅಮಾಕ್ಸಿಸಿಲಿನ್-ಕ್ಲಾವುಲಾನಿಕ್ ಆಮ್ಲಕ್ಕೆ ಬಗ್ಗುವ ಗ್ರಾಂ ನೆಗೆಟಿವ್ ಕಡ್ಡಿ ಕಂಡರೆ ಸಾಮಾನ್ಯವಾಗಿ ಸಂಶಯ ಅತ್ತಲೇ ಹೋಗಬೇಕು; ಸ್ಯೂಡೊಮೊನಾಸ್ ಎಂದು ಬರೆದು ಮುಗಿಸಬಾರದು. ಪ್ರೋಟೀನುಗಳ ರೋಹಿತವನ್ನು ಲೈಬ್ರರಿಯೊಂದಿಗೆ ಹೋಲಿಸಿ ಬ್ಯಾಕ್ಟೀರಿಯಾ ಗುರುತಿಸುವ ಮಾಲ್ಡಿ-ಟಾಫ್ ಯಂತ್ರದಲ್ಲಿ ಇದಕ್ಕೆ ಬೇಕಾದ ಹೆಚ್ಚುವರಿ ಲೈಬ್ರರಿ ಇಲ್ಲದಿದ್ದರೆ, ಅದರ ಹತ್ತಿರದ ಬಂಧುವಾದ ಬರ್ಕ್‌ಹೋಲ್ಡೇರಿಯಾ ಥೈಲ್ಯಾಂಡೆನ್ಸಿಸ್ ಎಂಬ ಹೆಸರು ಬರಬಹುದು.

ಇದೆಲ್ಲ ನಡೆಯುವಾಗ ವಾರ್ಡಿನ ವೈದ್ಯರನ್ನು ಕಾಯಿಸಬಾರದು. ‘ಗ್ರಾಂ ಪಾಸಿಟಿವ್ ಕಡ್ಡಿ, ಇಂಥ ಕುಲಕ್ಕೆ ಹತ್ತಿರ, ಖಚಿತ ಗುರುತು ಬಾಕಿ’ ಎಂಬ ಮಧ್ಯಂತರ ವರದಿ ಅಂದೇ ಹೋಗಬೇಕು. ಹೊಸ ಪ್ರಭೇದಕ್ಕೆ ಔಷಧ ಸಂವೇದನೆಯ ಮಿತಿಗಳು ಎಲ್ಲಿಯೂ ನಿಗದಿಯಾಗಿರುವುದಿಲ್ಲ. ಆದ್ದರಿಂದ ಆಂಟಿಬಯೋಟಿಕ್ ಡಿಸ್ಕ್ ಸುತ್ತಲಿನ ವಲಯ ಅಳೆದು ‘ಬಗ್ಗುತ್ತದೆ, ಬಗ್ಗುವುದಿಲ್ಲ’ ಎಂದು ಬರೆಯುವುದರ ಬದಲು, ಕನಿಷ್ಠ ಪ್ರತಿಬಂಧಕ ಪ್ರಮಾಣವನ್ನು (ಬೆಳವಣಿಗೆ ತಡೆಯಲು ಸಾಕಾಗುವ ಔಷಧದ ಅತಿ ಕಡಿಮೆ ಪ್ರಮಾಣ) ಅಳೆದು ಆ ಅಂಕಿಯನ್ನೇ ಕೊಟ್ಟು, ಅದರ ಅರ್ಥವನ್ನು ವೈದ್ಯರೊಂದಿಗೆ ಮಾತನಾಡಿ ತೀರ್ಮಾನಿಸುವುದು ಪ್ರಾಮಾಣಿಕ ದಾರಿ.

ಶುದ್ಧ ಕಲ್ಚರ್

ಹೊಸದೆಂದು ಮೊದಲು ಅನಿಸಿದ ಐಸೊಲೇಟ್‌ಗಳಲ್ಲಿ ಎಷ್ಟೋ ಕೊನೆಗೆ ಎರಡು ಬ್ಯಾಕ್ಟೀರಿಯಾಗಳ ಬೆರಕೆಯಾಗಿರುತ್ತವೆ. 24 ಗಂಟೆಯ ಪ್ಲೇಟಿನಲ್ಲಿ ಒಂದೇ ತರಹ ಕಾಣುವ ಕಾಲೊನಿಗಳನ್ನು 48 ಗಂಟೆಯ ನಂತರ, ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ಕೈಲೆನ್ಸಿನಲ್ಲಿ ನೋಡಬೇಕು. ದೊಡ್ಡ ಬೂದು ಕಾಲೊನಿಯ ಅಂಚಿನಲ್ಲಿ ಸೂಜಿಮೊನೆಯಷ್ಟು ಪಾರದರ್ಶಕ ಕಾಲೊನಿಯೊಂದು ಅಂಟಿಕೊಂಡಿರುವುದು ಆಗ ಕಣ್ಣಿಗೆ ಬೀಳುತ್ತದೆ. ಅಂಥ ಅಂಚನ್ನು ಲೂಪ್ ಮುಟ್ಟಿದರೆ ಮುಂದಿನ ಪ್ರತಿಯೊಂದು ಪರೀಕ್ಷೆಯೂ ಎರಡು ಜೀವಿಗಳ ಮೊತ್ತವನ್ನು ಹೇಳುತ್ತದೆ. ಒಂಟಿಯಾಗಿ ನಿಂತ ಕಾಲೊನಿಯನ್ನೇ ಆರಿಸಿ, ಕಡಿಮೆಯೆಂದರೆ ಮೂರು ಬಾರಿ ಒಂದರ ಹಿಂದೊಂದು ಹೊಸ ಪ್ಲೇಟಿಗೆ ಗೀಚಿ, ಪ್ರತಿ ಬಾರಿಯೂ ಗ್ರಾಂ ಸ್ಟೇನ್ ಮಾಡಿ ಒಂದೇ ರೂಪ ಬರುತ್ತಿದೆಯೆಂದು ಖಚಿತಪಡಿಸಿಕೊಳ್ಳಬೇಕು.

ಮಾಧ್ಯಮದ ಬಗ್ಗೆ ಇನ್ನೊಂದು ವಿಷಯ. ರಕ್ತನಿಧಿಯಲ್ಲಿ ಅವಧಿ ಮೀರಿದ ಮಾನವ ರಕ್ತದಿಂದ ಬ್ಲಡ್ ಅಗಾರ್ ಮಾಡುವ ರೂಢಿ ಅನೇಕ ಕಡೆ ಉಳಿದಿದೆ. ಆ ರಕ್ತದಲ್ಲಿ ಪ್ರತಿಕಾಯಗಳು ಅಥವಾ ಔಷಧದ ಅಂಶ ಇರಬಹುದು, ರಕ್ತಕಣ ಕರಗುವ ರೀತಿಯೂ ಬೇರೆಯಾಗಬಹುದು. ಪ್ರಭೇದದ ವಿವರಣೆ ಬರೆಯಲು ಹೊರಟ ಮೇಲೆ ಕುರಿಯ ರಕ್ತವನ್ನೇ ಬಳಸಬೇಕು. ಇಲ್ಲದಿದ್ದರೆ ನಿಮ್ಮ ವಿವರಣೆಯನ್ನು ಬೇರೆ ದೇಶದವರು ಪರೀಕ್ಷಿಸಿ ನೋಡಿದಾಗ ತಾಳೆಯಾಗುವುದಿಲ್ಲ.

ಪ್ಲೇಟನ್ನು ಬೇಗ ಎಸೆಯಬಾರದು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಜಠರದ ಬಯಾಪ್ಸಿಗಳ ಪ್ಲೇಟುಗಳನ್ನು ಎರಡು ದಿನಕ್ಕೇ ಎಸೆಯುತ್ತಿದ್ದರು. 1982ರ ಈಸ್ಟರ್ ರಜೆಯಲ್ಲಿ ಅವು ಐದು ದಿನ ಇನ್ಕ್ಯುಬೇಟರಿನಲ್ಲೇ ಉಳಿದವು, ಆಗಲೇ ಇಂದು ಹೆಲಿಕೊಬ್ಯಾಕ್ಟರ್ ಪೈಲೋರಿ ಎಂದು ಕರೆಯುವ ಬ್ಯಾಕ್ಟೀರಿಯಾ ಬೆಳೆದು ಕಂಡಿತು. ಮೊದಲು ಕ್ಯಾಂಪಿಲೊಬ್ಯಾಕ್ಟರ್ ಕುಲಕ್ಕೆ ಸೇರಿಸಿದ್ದ ಅದಕ್ಕೆ 1989ರಲ್ಲಿ ತನ್ನದೇ ಕುಲ ಸಿಕ್ಕಿತು. ನೇರ ಸ್ಮಿಯರಿನಲ್ಲಿ ಬ್ಯಾಕ್ಟೀರಿಯಾ ಕಂಡು ಪ್ಲೇಟಿನಲ್ಲಿ ಏನೂ ಬೆಳೆಯದಿದ್ದರೆ, ದಿನಗಳನ್ನು ಹೆಚ್ಚಿಸಬೇಕು. ಇಂಗಾಲದ ಡೈಆಕ್ಸೈಡ್ ಇರುವ ವಾತಾವರಣದಲ್ಲೂ ಆಮ್ಲಜನಕ ಇಲ್ಲದ ಜಾರಿನಲ್ಲೂ ಪ್ರಯತ್ನಿಸಬೇಕು.

ದಾಖಲೆ ಮತ್ತು ಸಂಗ್ರಹ

ಶುದ್ಧವಾಯಿತೆಂದು ಖಚಿತವಾದ ದಿನವೇ ಶೇಕಡಾ 15ರಿಂದ 20ರಷ್ಟು ಗ್ಲಿಸರಾಲ್ ಇರುವ ದ್ರವದಲ್ಲಿ ಹಲವು ವಯಲ್‌ಗಳನ್ನು ಮಾಡಿ ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿಡಬೇಕು. ಎಲ್ಲವನ್ನೂ ಒಂದೇ ಫ್ರೀಜರಿನಲ್ಲಿ ಇಡಬೇಡಿ. ಬೇಸಿಗೆಯಲ್ಲಿ ಕರೆಂಟು ಹೋಗಿ, ಜನರೇಟರ್ ಕೈಕೊಟ್ಟು, ವರ್ಷಗಳ ಸಂಗ್ರಹ ಒಂದೇ ರಾತ್ರಿಯಲ್ಲಿ ಕರಗಿಹೋಗುವುದು ನಮ್ಮಲ್ಲಿ ಊಹೆಯ ಮಾತಲ್ಲ. ಒಂದು ಪಾಲನ್ನು ಬೇರೆ ಕಟ್ಟಡದಲ್ಲೋ, ವಿಶ್ವವಿದ್ಯಾನಿಲಯದ ಸಹೋದ್ಯೋಗಿಗಳ ಬಳಿಯೋ ಇಡಬೇಕು. ಸಾಧ್ಯವಾದರೆ ಒಣಗಿಸಿದ ಆಂಪ್ಯೂಲ್‌ಗಳನ್ನೂ ಮಾಡಿಸಬೇಕು. ಒಮ್ಮೆ ಹೊರತೆಗೆದು ಕರಗಿಸಿದ ವಯಲನ್ನು ಮತ್ತೆ ಹೆಪ್ಪುಗಟ್ಟಿಸಬಾರದು.

ರಿಜಿಸ್ಟರಿನಲ್ಲಿ ಬರೆಯಬೇಕಾದದ್ದು ಮಾದರಿಯ ಬಗೆ, ದೇಹದ ಯಾವ ಭಾಗದಿಂದ ತೆಗೆದದ್ದು, ತೆಗೆದ ದಿನಾಂಕ, ರೋಗಿಯ ವಯಸ್ಸು ಮತ್ತು ಲಿಂಗ, ಮುಖ್ಯ ಕಾಯಿಲೆ, ಮಾದರಿ ತೆಗೆಯುವ ಮುನ್ನ ಕೊಟ್ಟ ಆಂಟಿಬಯೋಟಿಕ್, ಕಸುಬು, ಪ್ರಾಣಿ ಮತ್ತು ಮಣ್ಣಿನ ಸಂಪರ್ಕ. ಎಲ್ಲಕ್ಕಿಂತ ಮುಖ್ಯವಾಗಿ, ನೇರ ಗ್ರಾಂ ಸ್ಮಿಯರಿನಲ್ಲಿ ಅದೇ ರೂಪದ ಬ್ಯಾಕ್ಟೀರಿಯಾ, ಕೀವುಕಣಗಳ ಜೊತೆಗೆ ಕಂಡಿತ್ತೇ ಎಂಬುದನ್ನು ದಾಖಲಿಸಬೇಕು. ರಕ್ತದ ಒಂದೇ ಬಾಟಲಿಯಲ್ಲಿ ಬೆಳೆದ ಕೊರಿನೆಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ರೋಗಿಯ ಚರ್ಮದಿಂದ ಬಂದಿರಬಹುದು. ರೋಗಿಯ ಎರಡು ಕೈಗಳಿಂದ ಬೇರೆ ಬೇರೆಯಾಗಿ ತೆಗೆದ ರಕ್ತದ ಎರಡು ಸೆಟ್‌ಗಳಲ್ಲಿ ಅದೇ ತಳಿ ಬಂದರೆ ಮಾತೇ ಬೇರೆ. ಜೀವಿ ಹೊಸದು ಎಂಬುದು ಒಂದು ಪ್ರಶ್ನೆ, ಅದು ರೋಗಕ್ಕೆ ಕಾರಣ ಎಂಬುದು ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸಿಕ್ಕ ಉತ್ಸಾಹದಲ್ಲಿ ಎರಡನೆಯದನ್ನೂ ಒಪ್ಪಿಬಿಟ್ಟ ಪ್ರಬಂಧಗಳನ್ನು ಓದುವಾಗ ನನಗೆ ಬೇಸರವಾಗುತ್ತದೆ. ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆಯನ್ನು ಈ ಹಂತದಲ್ಲೇ ಪಡೆಯಬೇಕು. ಪ್ರಕಟಣೆಯಲ್ಲಿ ಊರು ಬರಬಹುದು. ರೋಗಿಯನ್ನು ಗುರುತಿಸಲಾಗುವಂಥ ವಿವರ ಬರಬಾರದು.

ಪ್ರಾಥಮಿಕ ಗುರುತು

ಗ್ರಾಂ ಸ್ಟೇನ್, ಚಲನೆ, ಕ್ಯಾಟಲೇಸ್, ಆಕ್ಸಿಡೇಸ್, ಬೆಳೆಯುವ ಉಷ್ಣತೆ, ಮ್ಯಾಕಾಂಕಿ ಅಗಾರಿನಲ್ಲಿ ಬೆಳೆಯುತ್ತದೆಯೋ ಇಲ್ಲವೋ ಎಂಬಿಷ್ಟರಿಂದ ಬ್ಯಾಕ್ಟೀರಿಯಾ ಯಾವ ಗುಂಪಿನದು ಎಂಬುದು ತಿಳಿಯುತ್ತದೆ. ಆಮೇಲೆ ಮಾಲ್ಡಿ-ಟಾಫ್. ಹೆಚ್ಚು ಬಳಕೆಯಲ್ಲಿರುವ ಬ್ರೂಕರ್ ಯಂತ್ರದಲ್ಲಿ 2.00 ಮತ್ತು ಅದಕ್ಕಿಂತ ಹೆಚ್ಚಿನ ಅಂಕ ನಂಬಬಹುದಾದ ಗುರುತನ್ನೂ, 1.70ರಿಂದ 1.99 ದುರ್ಬಲ ಗುರುತನ್ನೂ, ಅದಕ್ಕಿಂತ ಕೆಳಗಿನದು ಗುರುತು ಸಿಗದಿರುವುದನ್ನೂ ಸೂಚಿಸುತ್ತದೆ. ಕಡಿಮೆ ಅಂಕ ಬಂದಾಗ ಫಾರ್ಮಿಕ್ ಆಮ್ಲದಿಂದ ಪ್ರೋಟೀನನ್ನು ಹೊರತೆಗೆದು ತಾಜಾ ಕಾಲೊನಿಯಲ್ಲಿ ಮತ್ತೆ ನೋಡಬೇಕು. ದಪ್ಪ ಕೋಶಭಿತ್ತಿಯ ಅಥವಾ ಲೋಳೆಯಂಥ ಕಾಲೊನಿಗಳಲ್ಲಿ ಅಂಕ ಕಡಿಮೆ ಬರುವುದು ಜೀವಿ ಹೊಸದಾಗಿರುವುದರಿಂದಲ್ಲ, ಪ್ರೋಟೀನ್ ಸರಿಯಾಗಿ ಹೊರಬಾರದ್ದರಿಂದ. ಲೈಬ್ರರಿಯಲ್ಲಿ ಇಲ್ಲದ ಹಳೆಯ ಪ್ರಭೇದಕ್ಕೂ ಯಂತ್ರ ಇದೇ ಉತ್ತರ ಕೊಡುತ್ತದೆ ಎಂಬುದನ್ನು ಮರೆಯಬಾರದು.

16ಎಸ್ ಜೀನಿನ ಓದು

ಬ್ಯಾಕ್ಟೀರಿಯಾಗಳ ಬಂಧುತ್ವ ನೋಡಲು ಬಳಸುವ 16ಎಸ್ ಆರ್‌ಆರ್‌ಎನ್‌ಎ ಜೀನು ಸುಮಾರು 1,500 ಅಕ್ಷರಗಳದ್ದು. 27ಎಫ್ ಮತ್ತು 1492ಆರ್ ಎಂಬ ಪ್ರೈಮರ್ (ಡಿಎನ್‌ಎಯ ಪ್ರತಿ ತೆಗೆಯಲು ಬೇಕಾದ ಸಣ್ಣ ತುಣುಕು) ಜೋಡಿಯಿಂದ ಅದರ ಹೆಚ್ಚುಕಡಿಮೆ ಇಡೀ ಉದ್ದವನ್ನು ಪಡೆಯಬಹುದು. ಎರಡೂ ಕಡೆಯಿಂದ ಓದಿಸಿ, ಓದಿನ ಶಿಖರಗಳ ನಕ್ಷೆಯಾದ ಕ್ರೊಮ್ಯಾಟೊಗ್ರಾಮನ್ನು ಸ್ವತಃ ಕಣ್ಣಾರೆ ನೋಡಿ, ಒಂದೇ ಜಾಗದಲ್ಲಿ ಎರಡು ಶಿಖರಗಳು ಸಾಲುಸಾಲಾಗಿ ಕಂಡರೆ ಕಲ್ಚರ್ ಶುದ್ಧವಿಲ್ಲವೇನೋ ಎಂದು ಹಿಂದಿನ ಹಂತಕ್ಕೆ ಹೋಗಬೇಕು. ಐನೂರು ಅಕ್ಷರಗಳ ತುಣುಕು ವಾರ್ಡಿನ ವರದಿಗೆ ಸಾಕಾಗಬಹುದು, ಪ್ರಭೇದದ ನಿರ್ಣಯಕ್ಕೆ ಸಾಲದು.

ಹೋಲಿಸುವಾಗ ಬ್ಲಾಸ್ಟ್ (ಭಂಡಾರದ ಅನುಕ್ರಮಗಳೊಂದಿಗೆ ಹೋಲಿಸುವ ತಂತ್ರಾಂಶ) ಪಟ್ಟಿಯ ಮೊದಲ ಸಾಲನ್ನು ಸತ್ಯವೆಂದುಕೊಳ್ಳುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಸಾರ್ವಜನಿಕ ಭಂಡಾರದಲ್ಲಿ ಯಾರು ಯಾವ ಹೆಸರಿನಿಂದಲೂ ಅನುಕ್ರಮ ಸೇರಿಸಿರಬಹುದು. ಹೋಲಿಕೆ ನಡೆಯಬೇಕಾದದ್ದು ಮಾದರಿ ತಳಿಗಳ, ಅಂದರೆ ಪ್ರಭೇದದ ಹೆಸರು ಯಾವ ತಳಿಗೆ ಕಾಯಂ ಆಗಿ ಕಟ್ಟಿಕೊಂಡಿದೆಯೋ ಆ ತಳಿಗಳ ಅನುಕ್ರಮದೊಂದಿಗೆ ಮಾತ್ರ. ಇದಕ್ಕೆ ಈಝಡ್‌ಬಯೋಕ್ಲೌಡ್ ಎಂಬ ಜಾಲತಾಣ ಅನುಕೂಲ. ಬ್ಲಾಸ್ಟ್‌ನಲ್ಲೂ ಮಾದರಿ ತಳಿಗಳಿಗೆ ಮಾತ್ರ ಹುಡುಕಾಟವನ್ನು ಸೀಮಿತಗೊಳಿಸಬಹುದು. ಹತ್ತಿರದ ಮಾದರಿ ತಳಿಯೊಂದಿಗಿನ ಸಾಮ್ಯ ಶೇಕಡಾ 98.65ಕ್ಕಿಂತ ಕಡಿಮೆಯಿದ್ದರೆ ಹೊಸ ಪ್ರಭೇದವಿರುವ ಸಾಧ್ಯತೆ ಬಲವಾಗಿದೆ ಎಂದು ಈಗ ಒಪ್ಪಲಾಗುತ್ತದೆ. 1994ರಿಂದ ಬಳಕೆಯಲ್ಲಿದ್ದ ಶೇಕಡಾ 97ರ ಮಿತಿಯನ್ನು ಹಳೆಯ ಪಠ್ಯಗಳಲ್ಲಿ ಇಂದಿಗೂ ನೋಡುತ್ತೀರಿ.

ಈ ಅಂಕಿಗಿಂತ ಹೆಚ್ಚು ಸಾಮ್ಯ ಬಂದ ಮಾತ್ರಕ್ಕೆ ಹಳೆಯ ಪ್ರಭೇದವೆಂದು ತೀರ್ಮಾನಿಸುವಂತಿಲ್ಲ. ಸ್ಟ್ರೆಪ್ಟೊಕಾಕಸ್ ನ್ಯುಮೋನಿಯೇ ಮತ್ತು ಸ್ಟ್ರೆಪ್ಟೊಕಾಕಸ್ ಮೈಟಿಸ್ ನಡುವೆ ಈ ಜೀನಿನಲ್ಲಿ ಶೇಕಡಾ 99ಕ್ಕೂ ಮಿಕ್ಕ ಸಾಮ್ಯವಿದೆ, ಒಂದು ನ್ಯುಮೋನಿಯಾ ತರುತ್ತದೆ, ಇನ್ನೊಂದು ಬಾಯಿಯ ಸಾಮಾನ್ಯ ನಿವಾಸಿ. ಇಂಥ ಕುಲಗಳಲ್ಲಿ ಆರ್‌ಪಿಒಬಿ ಅಥವಾ ಜೈರ್‌ಬಿ ಜೀನುಗಳ ಓದು ಮಧ್ಯದ ಮೆಟ್ಟಿಲಾಗುತ್ತದೆ, ಜೀನೋಮ್ ಅಂತಿಮ ತೀರ್ಪಾಗುತ್ತದೆ.

ಜೀನೋಮ್

1987ರಿಂದ ಪ್ರಭೇದದ ಗೆರೆ ಎಳೆಯುತ್ತಿದ್ದದ್ದು ಎರಡು ತಳಿಗಳ ಡಿಎನ್‌ಎಯನ್ನು ಕೊಳವೆಯಲ್ಲಿ ಬೆಸೆದು ನೋಡುವ ಪರೀಕ್ಷೆ. ಶೇಕಡಾ 70ಕ್ಕಿಂತ ಕಡಿಮೆ ಬೆಸೆದರೆ ಬೇರೆ ಪ್ರಭೇದ. ಆ ಕಷ್ಟದ ಕೆಲಸವನ್ನು ಈಗ ಗಣಕದಲ್ಲಿ ಎರಡು ರೀತಿಯಲ್ಲಿ ಮಾಡುತ್ತೇವೆ. ಸರಾಸರಿ ನ್ಯೂಕ್ಲಿಯೊಟೈಡ್ ಸಾಮ್ಯ ಶೇಕಡಾ 95ರಿಂದ 96ಕ್ಕಿಂತ ಕೆಳಗಿದ್ದರೆ, ಮತ್ತು ಡಿಜಿಟಲ್ ಡಿಎನ್‌ಎ ಬೆಸುಗೆ ಶೇಕಡಾ 70ಕ್ಕಿಂತ ಕೆಳಗಿದ್ದರೆ, ಎರಡು ತಳಿಗಳು ಬೇರೆ ಪ್ರಭೇದಗಳು. ಎರಡನೆಯದನ್ನು ಜರ್ಮನಿಯ ಡಿಎಸ್‌ಎಂಝಡ್ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಲೆಕ್ಕ ಹಾಕಬಹುದು. ಅಲ್ಲಿ ಮೂರು ಸೂತ್ರಗಳ ಉತ್ತರ ಬರುತ್ತದೆ. ಜೀನೋಮ್ ಪೂರ್ಣವಾಗಿ ಜೋಡಣೆಯಾಗದೆ ತುಣುಕುಗಳಲ್ಲಿದ್ದರೆ ಎರಡನೆಯ ಸೂತ್ರವನ್ನೇ ತೆಗೆದುಕೊಳ್ಳಬೇಕು, ಏಕೆಂದರೆ ಅದು ಜೀನೋಮಿನ ಒಟ್ಟು ಉದ್ದವನ್ನು ಅವಲಂಬಿಸುವುದಿಲ್ಲ.

ಲೆಕ್ಕಕ್ಕೆ ಮುನ್ನ ಜೀನೋಮಿನ ಗುಣಮಟ್ಟ ನೋಡಬೇಕು. ಪ್ರತಿ ಜಾಗವನ್ನೂ ಸರಾಸರಿ 50 ಬಾರಿಯಾದರೂ ಓದಿರಬೇಕು. ಚೆಕ್‌ಎಂ ಮೊದಲಾದ ತಂತ್ರಾಂಶದಲ್ಲಿ ಪೂರ್ಣತೆ ಹೆಚ್ಚಾಗಿಯೂ ಬೆರಕೆ ಶೇಕಡಾ 5ಕ್ಕಿಂತ ಸಾಕಷ್ಟು ಕಡಿಮೆಯಾಗಿಯೂ ಬರಬೇಕು. ಜೀನೋಮಿನಿಂದ 16ಎಸ್ ಜೀನನ್ನು ಹೊರತೆಗೆದು, ಮೊದಲು ಬೇರೆಯಾಗಿ ಓದಿಸಿದ್ದ ಅನುಕ್ರಮದೊಂದಿಗೆ ಇಟ್ಟು ನೋಡಿ. ಎರಡೂ ಒಂದೇ ಆಗದಿದ್ದರೆ ಎಲ್ಲೋ ಕೊಳವೆ ಅದಲುಬದಲಾಗಿದೆ ಅಥವಾ ಬೆರಕೆಯಾಗಿದೆ. ಐದು ನಿಮಿಷದ ಈ ತಾಳೆಯನ್ನು ಬಿಟ್ಟವರು ತಿಂಗಳುಗಟ್ಟಲೆಯ ಕೆಲಸ ಕಳೆದುಕೊಳ್ಳುತ್ತಾರೆ.

ಒಂದೇ ಹತ್ತಿರದ ಪ್ರಭೇದದೊಂದಿಗೆ ಹೋಲಿಸಿ ನಿಲ್ಲಬಾರದು. ಆ ಕುಲದ, ಜೀನೋಮ್ ಲಭ್ಯವಿರುವ ಎಲ್ಲ ಮಾದರಿ ತಳಿಗಳೊಂದಿಗೆ ವಂಶವೃಕ್ಷ ಬಿಡಿಸಿ, ನಿಮ್ಮ ತಳಿ ಎಲ್ಲಿ ಕೂರುತ್ತದೆಂದು ತೋರಿಸಬೇಕು. ಅಂಕಿಗಳಿಗೂ ರೂಢಿಗೂ ತಾಳೆಯಾಗದ ಜಾಗಗಳಿವೆ. ಶಿಗೆಲ್ಲಾ ಮತ್ತು ಎಸ್ಚರೀಕಿಯಾ ಕೊಲೈ ಜೀನೋಮಿನ ಪ್ರಕಾರ ಒಂದೇ ಪ್ರಭೇದ, ವೈದ್ಯಕೀಯದಲ್ಲಿ ಎರಡು ಹೆಸರುಗಳು ಉಳಿದಿವೆ. ಆ ವಿನಾಯಿತಿ ಹಳೆಯ ಹೆಸರುಗಳಿಗಷ್ಟೇ ಸಲ್ಲುತ್ತದೆ. ಅದನ್ನು ತೋರಿಸಿ, ಜೀನೋಮಿನ ಗೆರೆ ದಾಟದ ತಳಿಗೆ ಹೊಸ ಹೆಸರು ಕೇಳುವಂತಿಲ್ಲ.

ಗುಣಲಕ್ಷಣಗಳ ಹೋಲಿಕೆ

ಜೀನೋಮ್ ಬೇರೆಯೆಂದ ಮೇಲೆ, ಹತ್ತಿರದ ಪ್ರಭೇದಗಳ ಮಾದರಿ ತಳಿಗಳನ್ನು, ತಳಿಗಳನ್ನು ಜೀವಂತವಾಗಿ ಕಾಯ್ದಿಡುವ ಸಂಗ್ರಹಾಲಯಗಳಿಂದ ತರಿಸಿ, ನಿಮ್ಮ ತಳಿಯೊಂದಿಗೆ ಒಂದೇ ಮಾಧ್ಯಮದಲ್ಲಿ, ಒಂದೇ ಉಷ್ಣತೆಯಲ್ಲಿ, ಒಂದೇ ವಾರದಲ್ಲಿ ಬೆಳೆಸಿ ಪರೀಕ್ಷಿಸಬೇಕು. ಬೇರೆಯವರ ಪ್ರಬಂಧದಿಂದ ಎತ್ತಿಕೊಂಡ ಅಂಕಿಗಳನ್ನು ಪಕ್ಕದಲ್ಲಿಟ್ಟು ಮಾಡುವ ಹೋಲಿಕೆ ದುರ್ಬಲ. ಉಷ್ಣತೆ, ಪಿಎಚ್ ಮತ್ತು ಉಪ್ಪಿನ ಮಿತಿಗಳು, ಸಕ್ಕರೆಗಳ ಬಳಕೆ, ಕಿಣ್ವಗಳು, ಕೋಶದ ಕೊಬ್ಬಿನಾಮ್ಲಗಳು, ಧ್ರುವೀಯ ಲಿಪಿಡ್‌ಗಳು, ಕ್ವಿನೋನ್‌ಗಳು ಇದರಲ್ಲಿ ಬರುತ್ತವೆ. ಕೊನೆಯ ಮೂರಕ್ಕೆ ಆಸ್ಪತ್ರೆ ಪ್ರಯೋಗಾಲಯದಲ್ಲಿ ಸೌಲಭ್ಯ ಇರುವುದಿಲ್ಲವಾದ್ದರಿಂದ ಸಂಶೋಧನಾ ಸಂಸ್ಥೆಯೊಂದರ ಸಹಭಾಗಿತ್ವವನ್ನು ಮೊದಲೇ ಮಾತಾಡಿಕೊಳ್ಳಬೇಕು.

ಫ್ರೀಜರಿನಲ್ಲಿರುವ ಹಳೆಯ ಐಸೊಲೇಟ್‌ಗಳಲ್ಲಿ ಇದೇ ಪ್ರಭೇದದ ಇನ್ನೊಂದು ತಳಿ ಇದೆಯೇ ಎಂದೂ ಹುಡುಕಿ. ಒಂದೇ ತಳಿಯಿಂದ ಪ್ರಭೇದವನ್ನು ವಿವರಿಸಲು ನಿಯಮದ ಅಡ್ಡಿಯಿಲ್ಲ. ಆದರೆ ಒಂದೇ ತಳಿಯಲ್ಲಿ ಕಂಡ ಗುಣ ಪ್ರಭೇದದ್ದೋ ಆ ತಳಿಯದ್ದಷ್ಟೋ ಎಂದು ಹೇಳಲಾಗದು. ಎರಡು ಮೂರು ರೋಗಿಗಳಿಂದ ಬಂದ ತಳಿಗಳಿದ್ದರೆ ವಿವರಣೆಗೆ ಬಲ ಬರುತ್ತದೆ, ವೈದ್ಯರಿಗೂ ಉಪಯೋಗವಾಗುತ್ತದೆ.

ಸಂಗ್ರಹಾಲಯಕ್ಕೆ ಕೊಡುವುದು

2001ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ನಿಯಮದಂತೆ ಹೊಸ ಪ್ರಭೇದದ ಮಾದರಿ ತಳಿ ಎರಡು ಬೇರೆ ಬೇರೆ ದೇಶಗಳ, ಎಲ್ಲರಿಗೂ ತೆರೆದ ಸಂಗ್ರಹಾಲಯಗಳಲ್ಲಿ ಜೀವಂತವಾಗಿ ಇರಬೇಕು. ಚಂಡೀಗಢದ ಎಂಟಿಸಿಸಿ ಮತ್ತು ಪುಣೆಯ ರಾಷ್ಟ್ರೀಯ ಸೂಕ್ಷ್ಮಜೀವಿ ಸಂಪನ್ಮೂಲ ಕೇಂದ್ರ ಎರಡರಲ್ಲೂ ಇಟ್ಟರೆ ಅದು ಒಂದೇ ದೇಶವೆಂದೇ ಲೆಕ್ಕ. ಜರ್ಮನಿಯ ಡಿಎಸ್‌ಎಂಝಡ್, ಜಪಾನಿನ ಜೆಸಿಎಂ, ಕೊರಿಯಾದ ಕೆಸಿಟಿಸಿ, ಸ್ವೀಡನ್ನಿನ ಸಿಸಿಯುಜಿ ಇಂಥ ಒಂದು ಕಡೆಗೂ ಹೋಗಬೇಕು. ವೈದ್ಯಕೀಯ ತಳಿಗಳಿಗೆ ಸಿಸಿಯುಜಿ ಹೆಸರುವಾಸಿ.

ಇಲ್ಲಿ ನಮ್ಮ ದೇಶದ ಕಾನೂನು ಬರುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ಜೈವಿಕ ಸಂಪನ್ಮೂಲದ ವ್ಯಾಖ್ಯೆ ಮಾನವನ ಅನುವಂಶಿಕ ವಸ್ತುವನ್ನು ಹೊರಗಿಡುತ್ತದೆ, ಸೂಕ್ಷ್ಮಜೀವಿಗಳನ್ನು ಒಳಗೊಳ್ಳುತ್ತದೆ. ಮನುಷ್ಯನ ಮೈಯಿಂದ ಬಂದದ್ದೆಂದು ಬ್ಯಾಕ್ಟೀರಿಯಾ ಈ ಕಾಯ್ದೆಯಿಂದ ತಪ್ಪಿಸಿಕೊಳ್ಳುವುದಿಲ್ಲ ಎಂದುಕೊಂಡೇ ನಡೆಯುವುದು ಕ್ಷೇಮ. ಹೊರದೇಶಕ್ಕೆ ಕಳಿಸುವ ಮುನ್ನ ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಆಗಿನ ನಿಯಮಗಳನ್ನು ಸಂಸ್ಥೆಯ ಮೂಲಕ ವಿಚಾರಿಸಿ, ಲಿಖಿತ ಉತ್ತರ ಇಟ್ಟುಕೊಳ್ಳಬೇಕು. ಈ ಕಾಗದಪತ್ರಗಳು ನಿಧಾನ. ಆದ್ದರಿಂದ ಜೀನೋಮ್ ಕಳಿಸುವ ವಾರವೇ ಅರ್ಜಿಯ ಕೆಲಸ ಶುರುವಾಗಬೇಕು.

ಹೆಸರು

ಹೆಸರು ಲ್ಯಾಟಿನ್ ವ್ಯಾಕರಣಕ್ಕೆ ಹೊಂದಬೇಕು, ವಿಶೇಷಣವಾಗಿದ್ದರೆ ಕುಲದ ಲಿಂಗಕ್ಕೆ ತಕ್ಕ ಅಂತ್ಯ ಬರಬೇಕು, ಬೇರೆಲ್ಲೂ ಬಳಕೆಯಾಗಿರಬಾರದು. ಇದನ್ನು ಬ್ಯಾಕ್ಟೀರಿಯಾ ಹೆಸರುಗಳ ಎಲ್‌ಪಿಎಸ್‌ಎನ್ ಪಟ್ಟಿಯಲ್ಲಿ ನೋಡಬಹುದು. ಊರಿನ ಹೆಸರಿಡುವ ಆಸೆ ಸಹಜ. ಮೈಸೂರಿನ ಹೆಸರು ಹೊತ್ತ ಬ್ಯಾಕ್ಟೀರಿಯಾ ಈಗಾಗಲೇ ಇದೆ: 1972ರಲ್ಲಿ ಆರ್ಥ್ರೊಬ್ಯಾಕ್ಟರ್ ಮೈಸೊರೆನ್ಸ್ ಎಂದು ಹೆಸರಾದದ್ದು ಈಗ ಗ್ಲುಟಾಮಿಸಿಬ್ಯಾಕ್ಟರ್ ಕುಲಕ್ಕೆ ಸೇರಿದ್ದರೂ ಮೈಸೊರೆನ್ಸ್ ಎಂಬ ಭಾಗ ಹಾಗೆಯೇ ಉಳಿದಿದೆ. ಆದರೆ ರೋಗ ತರುವ ಜೀವಿಗೆ ಊರಿನ ಹೆಸರು ಬೇಡವೆಂದೇ ನನ್ನ ಅಭಿಪ್ರಾಯ. ಆಂಟಿಬಯೋಟಿಕ್ ಮುರಿಯುವ ಕಿಣ್ವವೊಂದಕ್ಕೆ ನವದೆಹಲಿಯ ಹೆಸರಿಟ್ಟಾಗ 2010ರಲ್ಲಿ ನಮ್ಮ ದೇಶದಲ್ಲಿ ಎದ್ದ ನೋವನ್ನು ನೋಡಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊಸ ಕಾಯಿಲೆಗಳ ಹೆಸರಿನಲ್ಲಿ ಸ್ಥಳನಾಮ ಬೇಡವೆಂದು ಸಲಹೆ ಕೊಟ್ಟಿತು. ಆ ಸಲಹೆ ಬ್ಯಾಕ್ಟೀರಿಯಾದ ಹೆಸರಿಗೆ ಅನ್ವಯಿಸದಿದ್ದರೂ ಅದರ ಹಿಂದಿನ ಕಾಳಜಿ ಅನ್ವಯಿಸುತ್ತದೆ. ಜೀವಿಯ ಆಕಾರ, ಗುಣ ಅಥವಾ ಸೂಕ್ಷ್ಮಜೀವಿ ವಿಜ್ಞಾನಕ್ಕೆ ದುಡಿದವರ ಹೆಸರನ್ನು ಆರಿಸಿಕೊಳ್ಳಬಹುದು.

ಬ್ಯಾಕ್ಟೀರಿಯಾ ವರ್ಗೀಕರಣದ ಅಧಿಕೃತ ಪತ್ರಿಕೆಯಾದ ಐಜೆಎಸ್‌ಇಎಂನಲ್ಲಿ ಪ್ರಬಂಧ ಬಂದರೆ, ಸಂಗ್ರಹಾಲಯಗಳ ಪ್ರಮಾಣಪತ್ರಗಳು ಸರಿಯಾಗಿದ್ದಲ್ಲಿ, ಹೆಸರು ಅಲ್ಲಿಂದಲೇ ಮಾನ್ಯವಾಗುತ್ತದೆ. ಬೇರೆ ಪತ್ರಿಕೆಯಲ್ಲಿ ಬಂದರೆ, ಪ್ರತಿಯನ್ನೂ ಪ್ರಮಾಣಪತ್ರಗಳನ್ನೂ ಐಜೆಎಸ್‌ಇಎಂಗೆ ಕಳಿಸಿ ಅದರ ಮಾನ್ಯತಾ ಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕು. ಈ ಹೆಜ್ಜೆ ಮರೆತ ಹೆಸರುಗಳು ವರ್ಷಗಟ್ಟಲೆ ಅಮಾನ್ಯವಾಗಿಯೇ ಉಳಿದಿವೆ. ಜೀನೋಮನ್ನೂ 16ಎಸ್ ಅನುಕ್ರಮವನ್ನೂ ಸಾರ್ವಜನಿಕ ಭಂಡಾರದಲ್ಲಿ ತೆರೆದಿಡಬೇಕು.

ಹೆಸರು ಮಾನ್ಯವಾದ ಮೇಲೆ ತಳಿಯ ಮಾಲ್ಡಿ-ಟಾಫ್ ರೋಹಿತವನ್ನು ನಿಮ್ಮ ಯಂತ್ರದ ಸ್ಥಳೀಯ ಲೈಬ್ರರಿಗೆ ಸೇರಿಸಿ, ಅದೇ ಯಂತ್ರವಿರುವ ಮಂಡ್ಯ, ಚಾಮರಾಜನಗರ, ಹಾಸನದ ಪ್ರಯೋಗಾಲಯಗಳಿಗೂ ಕೊಡಿ. ರಿಜಿಸ್ಟರಿನಲ್ಲಿ ‘ಗುರುತು ಬಾಕಿ’ ಎಂದು ಬರೆದಿದ್ದ ಸಾಲಿನ ಮುಂದೆ ಹೊಸ ಹೆಸರನ್ನೂ ದಿನಾಂಕವನ್ನೂ ದಾಖಲಿಸಿ, ತಿದ್ದಿದ ವರದಿಯನ್ನು ಆ ರೋಗಿಗೆ ಚಿಕಿತ್ಸೆ ನೀಡಿದ ವೈದ್ಯರಿಗೆ ಕಳಿಸಬೇಕು.